40×60 ಸೈಟಿನ ಮಳೆನೀರು ಎಲ್ಲಿಗೆ ಹೋಗಬೇಕು: ಬೆಂಗಳೂರಿನ ಒಂದು ಹಳೇ ಮನೆಗೆ ಬಂದ ಸಲಹೆಗಳು

ಪ್ರಶ್ನೆ

ಬೆಂಗಳೂರಿನ ಹಳೇ ಬಡಾವಣೆ, 40×60 ಅಡಿ ಸೈಟು, ಮನೆ ಕಟ್ಟಿದ್ದು 1998ರಲ್ಲಿ. ತಾರಸಿ ಸುಮಾರು 110 ಚದರ ಮೀಟರ್, ಟೈಲ್ಸ್ ಮತ್ತು ಸಿಮೆಂಟ್ ಹಾಕಿದ ಅಂಗಳ 70 ಚದರ ಮೀಟರ್. ತಾರಸಿಯಿಂದ ಮೂರು ಪೈಪು ಇಳಿಯುತ್ತವೆ. ಹಿಂದಿನ ಎರಡು ನೇರ ಯುಜಿಡಿ (ನೆಲದಡಿಯ ಒಳಚರಂಡಿ) ಚೇಂಬರಿಗೆ, ಮುಂದಿನದು ಗೇಟಿನ ಹತ್ತಿರ ನೆಲದ ಮೇಲೆ. ಜೋರು ಮಳೆ ಬಂದರೆ ಕೆಳಗಿನ ಬಚ್ಚಲಿನ ಜಾಲರಿಯಿಂದ ಕೊಳಚೆ ಮೇಲೆ ಬರುತ್ತದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಈಗ ಅಂಗಳಕ್ಕಿಂತ 8 ಇಂಚು ಎತ್ತರ. ಪೂರ್ವದ ಮನೆಯವರ ಸೈಟು ನಮಗಿಂತ 2 ಅಡಿ ತಗ್ಗು, ಅವರ ಗೋಡೆ ಒದ್ದೆಯಾಗುತ್ತಿದೆ ಎಂಬ ತಕರಾರಿದೆ. ನೀರಿನ ಬಿಲ್ಲಿಗೆ ಮಳೆಕೊಯ್ಲಿನ ದಂಡವೂ ಸೇರಿಕೊಂಡಿದೆ. ಸಂಪು 6,000 ಲೀಟರಿನದು, ಬೋರ್‌ವೆಲ್ ಇದೆ. ಎಲ್ಲಿಂದ ಶುರು ಮಾಡಬೇಕು? ಏನು, ಎಷ್ಟು, ಯಾವ ಅಳತೆ?

ಸಿವಿಲ್ ಎಂಜಿನಿಯರ್ ಒಬ್ಬರು

ಬೇರೆಲ್ಲ ಆಮೇಲೆ ನೋಡೋಣ. ಯುಜಿಡಿಗೆ ಇಳಿದಿರುವ ಆ ಎರಡು ಪೈಪುಗಳನ್ನು ಮೊದಲು ಬಿಡಿಸಿ. ಮಳೆನೀರನ್ನು ಒಳಚರಂಡಿಗೆ ಬಿಡುವುದು ನಿಯಮಕ್ಕೆ ವಿರುದ್ಧ ಅನ್ನುವುದು ಒಂದು ಕಡೆಯಾದರೆ, ನಿಮ್ಮ ಬಚ್ಚಲಿನ ಕೊಳಚೆಗೂ ಅದಕ್ಕೂ ನೇರ ನಂಟಿದೆ. ಐದು ಜನರ ಮನೆಗೆ ತಲೆಗೆ ದಿನಕ್ಕೆ 135 ಲೀಟರಿನ ಲೆಕ್ಕ ಹಿಡಿದು, ಅದರ ಶೇ. 80 ಒಳಚರಂಡಿಗೆ ಹೋಗುತ್ತದೆ ಅಂದರೆ ದಿನಕ್ಕೆ 540 ಲೀಟರ್. ಹಿಂದಿನ ಎರಡು ಪೈಪು ತಾರಸಿಯ 70 ಚದರ ಮೀಟರಿನ ನೀರು ಹೊರುತ್ತವೆ ಅಂದುಕೊಳ್ಳಿ. ಗಂಟೆಗೆ 60 ಮಿ.ಮೀ. ಮಳೆ ಬಿದ್ದರೆ ಒಂದೇ ಗಂಟೆಯಲ್ಲಿ 4,200 ಲೀಟರ್ ಆಯಿತು, ಹೆಚ್ಚುಕಮ್ಮಿ ಎಂಟು ದಿನದ ಕೊಳಚೆಯಷ್ಟು. ಬೀದಿಯ ಕೊಳವೆಯನ್ನು ಇಂಥ ಭಾರಕ್ಕೆ ಹಾಕಿರುವುದಿಲ್ಲ. ಅದು ತುಂಬಿದಾಗ ನೀರು ಹಿಂದಕ್ಕೆ ಒತ್ತಿ ಬೀದಿಯ ಅತಿ ತಗ್ಗಿನ ಜಾಲರಿಯಲ್ಲಿ ಉಕ್ಕುತ್ತದೆ. ನಿಮ್ಮ ಮನೆ ತಗ್ಗಿನಲ್ಲಿರುವುದರಿಂದ ಅದು ನಿಮ್ಮ ಬಚ್ಚಲು.

ನಿಯಮಕ್ಕೆ ಬಂದರೆ, 2009ರಲ್ಲಿ ಜಲಮಂಡಳಿಯ ಕಾಯ್ದೆಗೆ 72ಎ ಕಲಂ ಸೇರಿತು. 2,400 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೇ ಮನೆಗಳಿಗೆ, 1,200 ಚದರ ಅಡಿ ಮತ್ತು ಮೇಲ್ಪಟ್ಟ ಸೈಟಿನಲ್ಲಿ ಹೊಸದಾಗಿ ಕಟ್ಟುವವರಿಗೆ ಮಳೆಕೊಯ್ಲು ಕಡ್ಡಾಯ. ನಿಮ್ಮದು ಸರಿಯಾಗಿ 2,400, ಹಾಗಾಗಿ ಒಳಗೇ ಬರುತ್ತೀರಿ. ದಂಡ ಮೊದಲ ಮೂರು ತಿಂಗಳು ಬಿಲ್ಲಿನ ಇಂತಿಷ್ಟು ಪಾಲು, ಆಮೇಲೆ ವ್ಯವಸ್ಥೆ ಮಾಡುವವರೆಗೂ ಅದರ ಎರಡರಷ್ಟು. ಇದು ಒಂದು ಸಲ ಕಟ್ಟಿ ಮುಗಿಸುವ ದಂಡವಲ್ಲ, ಪ್ರತಿ ಬಿಲ್ಲಿನಲ್ಲೂ ಬರುತ್ತದೆ.

ಎಷ್ಟು ನೀರು ಹಿಡಿಯಬೇಕು? 2009ರ ನಿಯಮಾವಳಿಯಲ್ಲಿದ್ದ ಲೆಕ್ಕ ತಾರಸಿಯ ಪ್ರತಿ ಚದರ ಮೀಟರಿಗೆ 20 ಲೀಟರ್, ಗಟ್ಟಿ ಅಂಗಳಕ್ಕೆ 10 ಲೀಟರ್. ನೀವು 60 ಮತ್ತು 30 ಹಿಡಿದು ಮಾಡಿ. ಚದರ ಮೀಟರಿಗೆ 60 ಲೀಟರ್ ಅಂದರೆ 60 ಮಿ.ಮೀ. ಮಳೆ. ಬೆಂಗಳೂರಿನ ಬಹುಪಾಲು ಮಳೆದಿನಗಳು ಅದರೊಳಗೇ ಮುಗಿಯುತ್ತವೆ. ತಾರಸಿಗೆ 6,600, ಅಂಗಳಕ್ಕೆ 2,100, ಒಟ್ಟು 8,700 ಲೀಟರ್. ಇದನ್ನು ಸಂಪಿನಲ್ಲೂ ತುಂಬಬಹುದು, ನೆಲಕ್ಕೂ ಇಂಗಿಸಬಹುದು, ಎರಡೂ ಲೆಕ್ಕಕ್ಕೆ ಬರುತ್ತವೆ.

ನಿಮ್ಮಲ್ಲಿ ಮೂರು ಬಗೆಯ ನೀರಿದೆ: ತಾರಸಿಯದು, ಅಂಗಳದ್ದು, ರಸ್ತೆಯಿಂದ ಒಳಗೆ ನುಗ್ಗುವುದು. ಮೂರನ್ನೂ ಒಂದೇ ಕೊಳವೆಗೆ ಸೇರಿಸುವುದೇ ಎಲ್ಲ ಕಡೆ ಆಗುವ ದೊಡ್ಡ ತಪ್ಪು. ತಾರಸಿಯ ನೀರು ಸಂಪಿಗೆ, ಉಕ್ಕಿದ್ದು ಇಂಗುಬಾವಿಗೆ. ಅಂಗಳದ ನೀರು ಹೂಳುಗುಂಡಿ ದಾಟಿ ಇಂಗುಬಾವಿಗೆ. ರಸ್ತೆಯ ನೀರು ಒಳಗೇ ಬರಬಾರದು, ಬಂದರೂ ಬಾವಿಗೆ ಇಳಿಯಬಾರದು.

ಪ್ಲಂಬಿಂಗ್ ಕೆಲಸ ಮಾಡಿಸುವವರು

ಪೈಪಿಗೆ ಗರಗಸ ಹಾಕೋಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಹಳೇ ಮನೆಗಳಲ್ಲಿ ಮಳೆನೀರಿನ ಪೈಪಿಗೇ ಮೇಲಿನ ಮಹಡಿಯ ಬಚ್ಚಲೋ, ಬಟ್ಟೆ ಒಗೆಯುವ ಜಾಗದ ನೀರೋ ಕೂಡಿಸಿಬಿಟ್ಟಿರ್ತಾರೆ. ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ. ಒಂದೊಂದು ಬಚ್ಚಲು, ಸಿಂಕು, ವಾಷಿಂಗ್ ಮಷೀನಿನ ಜಾಗದಲ್ಲಿ ಸುರಿದು, ಕೆಳಗೆ ಯಾವ ಪೈಪಿನಿಂದ ನೀಲಿ ಬರುತ್ತೆ ನೋಡಿ. ಮಳೆಯ ಪೈಪಿನಲ್ಲಿ ನೀಲಿ ಕಂಡರೆ ಆ ಕೂಡಿಕೆಯನ್ನು ಮೊದಲು ಬೇರೆ ಮಾಡಿ. ಇಲ್ಲದಿದ್ದರೆ ಸೋಪಿನ ನೀರು ಕುಡಿಯುವ ಸಂಪಿಗೆ ಹೋಗುತ್ತೆ.

ಎಲ್ಲ ಸರಿ ಇದ್ದರೆ ನೆಲದಿಂದ 3 ಅಡಿ ಮೇಲೆ ಕತ್ತರಿಸಿ. ಚೇಂಬರಿನ ಕಡೆ ಉಳಿದ ತುಂಡಿಗೆ ಎಂಡ್ ಕ್ಯಾಪ್ ಅಂಟಿಸಿ, ಮೇಲೆ ಸಿಮೆಂಟ್ ಮುಚ್ಚಿ. ಗೋಣಿಚೀಲ ತುರುಕಿ ಬಿಟ್ಟರೆ ವಾಸನೆ, ಜಿರಳೆ ಎರಡೂ ಮೇಲೆ ಬರುತ್ತವೆ.

ಪೈಪಿನ ಗಾತ್ರಕ್ಕೆ ಕಟ್ಟಡ ಸಂಹಿತೆಯ ಪಟ್ಟಿ ಇದೆ. ಗಂಟೆಗೆ 100 ಮಿ.ಮೀ. ಮಳೆಗೆ 75 ಮಿ.ಮೀ. ಪೈಪು 20 ಚದರ ಮೀಟರ್ ತಾರಸಿಯನ್ನೂ, 100 ಮಿ.ಮೀ. ಪೈಪು 42 ಚದರ ಮೀಟರನ್ನೂ ತಾಳುತ್ತೆ. ನಿಮ್ಮ 110 ಚದರ ಮೀಟರಿಗೆ 4 ಇಂಚಿನ ಮೂರು ಪೈಪು ಸಾಕು. ಈಗಿರುವುದು 3 ಇಂಚಿನದಾದರೆ ಬದಲಾಯಿಸಿ. ಐಎಸ್ 13592 ಗುರುತಿನ ಎಸ್‌ಡಬ್ಲ್ಯುಆರ್ (ಕೊಳಚೆ, ಮಳೆನೀರು ಸಾಗಿಸುವ) ಪೈಪು ತಗೊಳ್ಳಿ, ಮಳೆನೀರಿಗೆ ಟೈಪ್ ಎ ಸಾಕು. ಬಿಸಿಲು ಬೀಳುವ ಕಡೆ ಬಣ್ಣ ಹೊಡೆಸಿ, ಇಲ್ಲದಿದ್ದರೆ ಪಿವಿಸಿ ಕೆಲವು ವರ್ಷದಲ್ಲಿ ಬಿರುಕು ಬಿಡುತ್ತೆ.

ಹಿಂದಿನ ಎರಡು ಪೈಪುಗಳನ್ನು ಮುಂದಕ್ಕೆ ತರಬೇಕಲ್ಲ, ಎರಡೂ ಕೂಡುವ ಕಡೆಯಿಂದ 160 ಮಿ.ಮೀ. ಪೈಪು ಹಾಕಿ. ಇಳಿಜಾರು ನೂರಕ್ಕೆ ಒಂದು, ಅಂದರೆ 12 ಮೀಟರ್ ಓಟಕ್ಕೆ 12 ಸೆಂ.ಮೀ. ಇಳಿಯಬೇಕು. ಕಾಂಪೌಂಡಿನ ಉದ್ದಕ್ಕೂ ಮೊದಲು ದಾರ ಕಟ್ಟಿ ಮಟ್ಟ ನೋಡಿ, ಆಮೇಲೆ ಕ್ಲ್ಯಾಂಪು ಹೊಡೆಯಿರಿ. ಮೀಟರಿಗೊಂದು ಕ್ಲ್ಯಾಂಪು ಇರಲಿ. ಕಡಿಮೆ ಹಾಕಿದರೆ ಪೈಪು ನಡುವೆ ಜೋತು ಬಿದ್ದು ಅಲ್ಲಿ ನೀರು ನಿಲ್ಲುತ್ತೆ, ಸೊಳ್ಳೆಯಾಗುತ್ತೆ. ತಿರುವಿನಲ್ಲಿ 90 ಡಿಗ್ರಿ ಬೆಂಡ್ ಒಂದರ ಬದಲು 45ರದ್ದು ಎರಡು. ಪ್ರತಿ ತಿರುವಿನಲ್ಲೂ ಬಿಚ್ಚಿ ತೊಳೆಯೋಕೆ ಬಾಗಿಲಿರುವ ಫಿಟಿಂಗ್ ಹಾಕಿಸಿ. ಇದಕ್ಕೆ ದುಡ್ಡು ಉಳಿಸಿದರೆ ಎಲೆ ಸಿಕ್ಕಿಕೊಂಡಾಗ ಪೈಪು ಕತ್ತರಿಸಬೇಕಾಗುತ್ತೆ.

ತಾರಸಿಯಲ್ಲಿ ಪೈಪಿನ ಬಾಯಿಗೆ ಚಪ್ಪಟೆ ಜಾಲರಿ ಬೇಡ, ಗುಮ್ಮಟದ ಆಕಾರದ್ದು ಹಾಕಿ. ಚಪ್ಪಟೆ ಜಾಲರಿಗೆ ನಾಲ್ಕು ಎಲೆ ಅಂಟಿದರೆ ಮುಗಿಯಿತು. ಹಾಗೇ ಪ್ಯಾರಪೆಟ್ ಗೋಡೆಯಲ್ಲಿ ನೆಲದಿಂದ 2 ಇಂಚು ಮೇಲೆ ಒಂದು ತೂಬು ಬಿಡಿಸಿ, ಅದು ನಿಮ್ಮ ಅಂಗಳದ ಕಡೆಗೇ ಬೀಳಲಿ. ಪೈಪುಗಳೆಲ್ಲ ಕಟ್ಟಿಕೊಂಡು ತಾರಸಿಯಲ್ಲಿ 10 ಸೆಂ.ಮೀ. ನೀರು ನಿಂತರೆ ಅದು 11 ಟನ್ ಭಾರ.

ಮೊದಲ ಮಳೆ ಬೇರ್ಪಡಿಸುವ ಬಗ್ಗೆ ಇನ್ನೊಬ್ಬರು

ಮೊದಲ ಮಳೆಯ ಕೊಳೆ ನೀರು ಬಿಡಲು 4 ಇಂಚಿನ ಪೈಪನ್ನು ಒಂದು ಮೀಟರ್ ಇಳಿಬಿಟ್ಟು ಕೆಳಗೆ ಕ್ಯಾಪ್ ಹಾಕಿ ಹೋಗುವವರು ಬಹಳ. ಅದರಲ್ಲಿ ಹಿಡಿಯುವುದು ಸುಮಾರು 8 ಲೀಟರ್. ನಿಮಗೆ ಕನಿಷ್ಠ 1 ಮಿ.ಮೀ. ಮಳೆಯನ್ನು, ಅಂದರೆ 110 ಲೀಟರನ್ನು ಬೇರೆ ಮಾಡಬೇಕು. ಅದಕ್ಕೆ 200 ಲೀಟರಿನ ಮುಚ್ಚಳದ ಡ್ರಮ್ಮೇ ಸರಿ. ಪೈಪು ಮೊದಲು ಡ್ರಮ್ಮಿಗೆ ಇಳಿಯಬೇಕು, ಅದು ತುಂಬಿದ ಮೇಲೆ ಟೀ ಫಿಟಿಂಗಿನ ಅಡ್ಡಬಾಯಿಂದ ನೀರು ಫಿಲ್ಟರಿಗೆ ಹರಿಯಬೇಕು. ಡ್ರಮ್ಮಿನ ತಳದಲ್ಲಿ 3 ಮಿ.ಮೀ. ತೂತಿಟ್ಟು ಗಿಡಗಳ ಪಾತಿಗೆ ತೊಟ್ಟಿಕ್ಕುವಂತೆ ಬಿಡಿ. ತೂತಿಲ್ಲದೆ ನಲ್ಲಿ ಮಾತ್ರ ಇಟ್ಟರೆ ತಿರುಗಿಸುವುದನ್ನು ಮರೆಯುತ್ತಾರೆ, ಡ್ರಮ್ಮು ಸದಾ ತುಂಬಿರುತ್ತದೆ, ಮುಂದಿನ ಮಳೆಯ ಕೊಳೆಯೆಲ್ಲ ಸೀದಾ ಸಂಪಿಗೆ. ತೂತು ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ, ತಂತಿ ಆಡಿಸಬೇಕು.

ಫಿಲ್ಟರಿಗೆ ಎರಡು ದಾರಿ. ಮರಳು, ಜಲ್ಲಿ, ಇದ್ದಿಲಿನ ತೊಟ್ಟಿ ಅಗ್ಗ, ಆದರೆ ವರ್ಷಕ್ಕೊಮ್ಮೆ ಮರಳು ತೆಗೆದು ತೊಳೆಯಬೇಕು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಎ.ಆರ್. ಶಿವಕುಮಾರ್ ರೂಪಿಸಿದ ಪಾಪ್‌ಅಪ್ ಫಿಲ್ಟರ್ ಇಳಿಪೈಪಿಗೇ ಕೂರುತ್ತದೆ. ತೊಳೆಯದೆ ಬಿಟ್ಟು ಕಟ್ಟಿಕೊಂಡರೂ ನೀರಿನ ಒತ್ತಡಕ್ಕೆ ಅದು ಮೇಲೆದ್ದು ನೀರನ್ನು ಹೊರಗೆ ಚೆಲ್ಲುತ್ತದೆ, ತಾರಸಿಯಲ್ಲಿ ನೀರು ನಿಲ್ಲುವುದಿಲ್ಲ. ಹಳೇ ಮನೆಗೆ ನನ್ನ ಮತ ಅದಕ್ಕೆ. ಕೊಳ್ಳುವ ಮುಂಚೆ ಕೈಯಾರೆ ನೋಡಬೇಕೆಂದರೆ ಜಯನಗರ 5ನೇ ಬ್ಲಾಕಿನ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕಿನಲ್ಲಿ ಬೇರೆ ಬೇರೆ ವಿಧಾನಗಳನ್ನು ಜೋಡಿಸಿಟ್ಟಿದ್ದಾರೆ. ಅರ್ಧ ದಿನ ಕೊಟ್ಟರೆ ಸಾರ್ಥಕ.

ಇನ್ನು ಸಂಪು. ಯಾರೂ ಹೇಳದ ಮಾತೊಂದಿದೆ: ಕಾವೇರಿ ನೀರು ಸಂಪನ್ನು ಕಂಠಪೂರ್ತಿ ತುಂಬಿಸಿದರೆ ಮಳೆಗೆ ಜಾಗವೆಲ್ಲಿ? ಮಳೆಗಾಲದ ತಿಂಗಳುಗಳಲ್ಲಿ ಕಾವೇರಿ ಲೈನಿನ ಫ್ಲೋಟ್ ವಾಲ್ವನ್ನು ಅರ್ಧ ಮಟ್ಟಕ್ಕೆ ಇಳಿಸಿ, 3,000 ಲೀಟರ್ ಖಾಲಿ ಇರಲಿ. ಮಳೆಯ ಪೈಪು ಸಂಪಿನ ತಳದವರೆಗೂ ಇಳಿದು ಕೊನೆಯಲ್ಲಿ ಮೇಲ್ಮುಖವಾಗಿ ತಿರುಗಿರಲಿ, ಆಗ ತಳದ ಗಸಿ ಕದಡುವುದಿಲ್ಲ. ಉಕ್ಕುವ ಪೈಪು ಒಳಬರುವ ಪೈಪಿನಷ್ಟೇ ದಪ್ಪವಿರಬೇಕು, ಅದರ ಬಾಯಿಗೆ ಸೊಳ್ಳೆ ಜಾಲರಿ ಇರಬೇಕು, ಅದು ಹೋಗಬೇಕಾದ್ದು ಇಂಗುಬಾವಿಗೆ. ಮಳೆನೀರಿನ ಕೊಳವೆಯನ್ನು ಕಾವೇರಿ ಲೈನಿಗೆ ಎಲ್ಲೂ ಜೋಡಿಸಬೇಡಿ. ಕಾವೇರಿ ನಲ್ಲಿಯ ಬಾಯಿ ಸಂಪಿನ ಅತಿ ಎತ್ತರದ ನೀರಿನ ಮಟ್ಟಕ್ಕಿಂತ 6 ಇಂಚು ಮೇಲಿರಲಿ.

ಇಂಗುಬಾವಿ ತೋಡಿಸುವವರು

8,700ರಲ್ಲಿ ಸಂಪಿಗೆ 3,000 ಹೋದರೆ ಬಾವಿಗೆ ಉಳಿಯೋದು 5,700 ಲೀಟರ್. 4 ಅಡಿ ವ್ಯಾಸ, 20 ಅಡಿ ಆಳದ ಬಾವಿಯ ಪೂರ್ತಿ ಲೆಕ್ಕ 7,100 ಲೀಟರ್. ಪೈಪು ಒಳಬರುವುದು ಮೇಲಿನಿಂದ 2 ಅಡಿ ಕೆಳಗೆ, ಹಾಗಾಗಿ ಉಪಯೋಗಕ್ಕೆ ಬರೋದು 18 ಅಡಿ, 6,400 ಲೀಟರ್. ಸರಿಹೋಯಿತು. 3 ಅಡಿ ವ್ಯಾಸದ್ದೇ ಬೇಕೆಂದರೆ 30 ಅಡಿ ಇಳಿದರೂ 5,600 ದಾಟಲ್ಲ.

ಜಾಗ: ಅಡಿಪಾಯದಿಂದ 10 ಅಡಿ ದೂರ ಸಿಕ್ಕರೆ ಒಳ್ಳೆಯದು. 40×60ರಲ್ಲಿ ಮುಂದಿನ ಅಂಗಳದ ಮೂಲೆಯಲ್ಲಿ ಸಿಗಬಹುದು. ಪೂರ್ವದ ಕಾಂಪೌಂಡಿಗೆ ಅಂಟಿಸಬೇಡಿ, ಅವರ ಗೋಡೆಗೆ ಇನ್ನಷ್ಟು ತೇವ ಕೊಟ್ಟಂತಾಗುತ್ತೆ. ಪಶ್ಚಿಮದ ಮೂಲೆ ನೋಡಿ. ಮೇಲಿನ 8 ಅಡಿಗೆ ತೂತಿಲ್ಲದ ರಿಂಗು, ಕೆಳಗಿನ 12 ಅಡಿಗೆ ತೂತಿರುವ ರಿಂಗು ಹಾಕಿ. ಹೀಗೆ ಮಾಡಿದರೆ ನೀರು ಅಡಿಪಾಯದ ಮಟ್ಟ ದಾಟಿದ ಮೇಲೆಯೇ ಮಣ್ಣಿಗೆ ಇಳಿಯುತ್ತೆ. ಅಡಿಪಾಯ 6 ಅಡಿಗಿಂತ ಹತ್ತಿರ ಬರುವುದಾದರೆ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸದೆ ಗುದ್ದಲಿ ಹಾಕಿಸಬೇಡಿ.

ಸಾಮಾನು: 1 ಅಡಿ ಎತ್ತರದ 4 ಅಡಿ ಸಿಮೆಂಟ್ ರಿಂಗು 20. ಗುಂಡಿಯ ಅಗಲ 5 ಅಡಿ 4 ಇಂಚು, ಆಗ ರಿಂಗಿನ ಸುತ್ತ 6 ಇಂಚು ಜಾಗ ಉಳಿಯುತ್ತೆ. ಕೆಳಗಿನ 12 ಅಡಿಗೆ ಆ ಜಾಗದಲ್ಲಿ 40 ಮಿ.ಮೀ. ಜಲ್ಲಿ, ಸುಮಾರು 90 ಘನ ಅಡಿ ಹಿಡಿಯುತ್ತೆ, 100 ತರಿಸಿ. ಮೇಲಿನ 8 ಅಡಿಗೆ ತೆಗೆದ ಮಣ್ಣನ್ನೇ ಒಂದೊಂದು ಅಡಿಗೆ ದಮ್ಮಸು ಮಾಡಿ ತುಂಬಿಸಿ. ತಳಕ್ಕೆ ಕಾಂಕ್ರೀಟ್ ಬೇಡವೇ ಬೇಡ. ಮೇಲೆ ಆರ್‌ಸಿಸಿ ಮುಚ್ಚಳ, ಒಬ್ಬರು ಇಳಿಯುವಷ್ಟು ಬಾಯಿ, ಅದಕ್ಕೆ ಬೀಗ ಹಾಕುವ ಕಬ್ಬಿಣದ ಮುಚ್ಚಳ. ಮಕ್ಕಳಿರುವ ಮನೆಯಲ್ಲಿ ಮುಚ್ಚಳದ ವಿಷಯದಲ್ಲಿ ರಾಜಿ ಆಗಬೇಡಿ. ತೆಗೆದ ಮಣ್ಣು ಉಬ್ಬಿ ಐದಾರು ಟ್ರ್ಯಾಕ್ಟರ್ ಲೋಡ್ ಆಗುತ್ತೆ, ಅದನ್ನು ಎಲ್ಲಿ ಹಾಕುವುದೆಂದು ಮೊದಲೇ ಮಾತಾಡಿಕೊಳ್ಳಿ. ರಸ್ತೆಯಲ್ಲಿ ಬಿಟ್ಟರೆ ಮೊದಲ ಮಳೆಗೆ ಚರಂಡಿಗೆ ಹೋಗಿ ಕೂರುತ್ತೆ.

ತೋಡಲು ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಬಾವಿಯ ಕಸುಬು ತಲೆಮಾರಿನಿಂದ ಬಂದಿರುವ ಮಣ್ಣು ವಡ್ಡರನ್ನೇ ಕರೆಸಿ. ಮಣ್ಣಿನ ಬಣ್ಣ, ತೇವ ನೋಡಿಯೇ ಕುಸಿಯುತ್ತದೋ ಇಲ್ಲವೋ ಅವರಿಗೆ ಗೊತ್ತಾಗುತ್ತೆ, ಯಂತ್ರದವರಿಗೆ ಗೊತ್ತಾಗಲ್ಲ. ಮಣ್ಣು ಸಡಿಲವಾಗಿದ್ದರೆ ರಿಂಗನ್ನು ಮೇಲಿಟ್ಟು ಒಳಗಿನಿಂದ ಕೆರೆಯುತ್ತಾ ರಿಂಗಿನ ಸಮೇತ ಇಳಿಸಿಕೊಂಡು ಹೋಗ್ತಾರೆ, ಆಗ ಸುತ್ತಲಿನ ಜಲ್ಲಿ ಇರಲ್ಲ, ಪರವಾಗಿಲ್ಲ. ರಿಂಗಿಲ್ಲದ ಗುಂಡಿಯನ್ನು ರಾತ್ರಿ ಬಿಡಬೇಡಿ. ಒಳಗೆ ಒಬ್ಬರಿದ್ದರೆ ಮೇಲೆ ಇಬ್ಬರು, ಸೊಂಟಕ್ಕೆ ಹಗ್ಗ, ತಲೆಗೆ ಹೆಲ್ಮೆಟ್. ಪೆಟ್ರೋಲ್, ಡೀಸೆಲ್ ಪಂಪನ್ನು ಗುಂಡಿಯೊಳಗೆ ಇಳಿಸಿ ಓಡಿಸಲೇಬಾರದು, ಹೊಗೆಗೆ ಪ್ರಾಣ ಹೋಗುತ್ತೆ.

20 ಅಡಿಗೆ ಮೊದಲೇ ಬಂಡೆ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಉಳಿದ ಲೆಕ್ಕಕ್ಕೆ ಇನ್ನೊಂದು ಗಿಡ್ಡ ಬಾವಿ ಮಾಡಿ. ಹಳೇ ಕೆರೆ ಅಂಗಳದ ಬಡಾವಣೆಗಳಲ್ಲಿ 8–10 ಅಡಿಗೇ ನೀರು ನಿಂತಿರುತ್ತೆ. ಅಂಥ ಕಡೆ ಇಂಗುಬಾವಿಯಿಂದ ಪ್ರಯೋಜನವಿಲ್ಲ, ಆ ದುಡ್ಡಿಗೆ ಇನ್ನೊಂದು ಸಂಪು ಕಟ್ಟಿಸಿ.

ಬಾವಿ ಮುಗಿದ ದಿನವೇ ಒಂದು ಟ್ಯಾಂಕರ್ ನೀರು ಬಿಡಿಸಿ, ಗಂಟು ಹಾಕಿದ ಹಗ್ಗದಲ್ಲಿ ಅಳೆಯಿರಿ. 4 ಅಡಿ ಬಾವಿಯಲ್ಲಿ ಒಂದು ಅಡಿ ಇಳಿದರೆ 356 ಲೀಟರ್ ಇಂಗಿತು ಅಂತ ಲೆಕ್ಕ. ಎರಡು ಮೂರು ದಿನದಲ್ಲಿ ಅರ್ಧಕ್ಕಿಂತ ಕೆಳಗೆ ಹೋಗಬೇಕು. ಆ ಅಳತೆಯನ್ನು ಮುಚ್ಚಳದ ಒಳಮೈಯಲ್ಲಿ ಬಣ್ಣದಲ್ಲಿ ಬರೆದಿಡಿ. ಮುಂದೆ ಎರಡು ವರ್ಷದ ಮೇಲೆ ಹೂಳು ಕೂತಿದೆಯೋ ಇಲ್ಲವೋ ಅದೇ ಹೇಳುತ್ತೆ.

ಅಡ್ಡ ಪ್ರಶ್ನೆ

ಗುಂಡಿ ತೋಡಿ ತುಂಬ ಜಲ್ಲಿ ಮರಳು ತುಂಬಿಸಿದರೆ ಮುಚ್ಚಳದ ಅಪಾಯವೇ ಇರುವುದಿಲ್ಲವಲ್ಲ? ಹಾಗೆ ಮಾಡಿರುವುದೇ ಹೆಚ್ಚು ಕಡೆ.

ಬಾವಿಯವರ ಉತ್ತರ

ಹೆಚ್ಚು ಕಡೆ ಹಾಗಿದೆ, ಅದಕ್ಕೇ ಅವು ಮೂರನೇ ಮಳೆಗಾಲಕ್ಕೆ ಕೆಲಸ ಮಾಡಲ್ಲ. ಜಲ್ಲಿಯ ಸಂದಿಯಲ್ಲಿ ನೀರಿಗೆ ಸಿಗುವ ಜಾಗ ಶೇ. 40ರಷ್ಟು, 6,400 ಲೀಟರಿನ ಬಾವಿ 2,500ಕ್ಕೆ ಇಳಿಯುತ್ತೆ. ಹೂಳು ಕೂತ ಮೇಲೆ ಎಲ್ಲ ಜಲ್ಲಿ ತೆಗೆದು ತೊಳೆದು ತುಂಬಿಸೋರು ಯಾರು? ಖಾಲಿ ಬಾವಿಗೆ ಒಬ್ಬರು ಇಳಿದರೆ ಅರ್ಧ ದಿನದಲ್ಲಿ ಹೂಳು ಹೊರಗೆ. ಇಳಿಯುವ ಮುಂಚೆ ಮುಚ್ಚಳವನ್ನು ಕೆಲವು ಗಂಟೆ ತೆರೆದಿಟ್ಟು ಗಾಳಿ ಆಡಿಸಬೇಕು ಅನ್ನುವುದನ್ನು ಮರೆಯಬೇಡಿ.

ಸಿವಿಲ್ ಎಂಜಿನಿಯರ್ ಮತ್ತೆ

ಬೋರ್‌ವೆಲ್ ಇದೆ ಎಂದಿದ್ದಿರಿ. ತಾರಸಿಯ ಪೈಪನ್ನು ಸೀದಾ ಬೋರ್‌ವೆಲ್ ಕೇಸಿಂಗಿಗೆ ಇಳಿಸಿಕೊಡುತ್ತೇವೆ ಎಂದು ಬರುವವರಿದ್ದಾರೆ. ಒಪ್ಪಬೇಡಿ. ಮೇಲಿನ ಮಣ್ಣು ಸೋಸಿ ಕೊಡುವ ಕೆಲಸವನ್ನು ಆ ಪೈಪು ದಾಟಿಬಿಡುತ್ತದೆ. ಒಂದು ಸಲ ಹಕ್ಕಿ ಹಿಕ್ಕೆಯ ನೀರು ಬಂಡೆಯ ಬಿರುಕಿಗೆ ಹೋದರೆ ಅದನ್ನು ತೆಗೆಯುವ ಉಪಾಯ ಇಲ್ಲ, ಅಕ್ಕಪಕ್ಕದ ಬೋರ್‌ವೆಲ್‌ಗಳಿಗೂ ಅದು ಹೋಗುತ್ತದೆ. ಇಂಗುಬಾವಿಯಿಂದ ತಾನಾಗಿ ಇಳಿಯಲಿ. ಅಂಗಳದ ನೀರಿನ ಮಾತಂತೂ ಬೇಡವೇ ಬೇಡ, ಅದರಲ್ಲಿ ಕಾರಿನ ಎಣ್ಣೆಯೂ ಇರುತ್ತದೆ.

ಅಂಗಳದ ಹೂಳುಗುಂಡಿ 2×2×2 ಅಡಿ, ಒಳಗೆ ನಡುವೆ 1 ಅಡಿ ಎತ್ತರದ ಅಡ್ಡಗೋಡೆ. ಒಳಬರುವ ಬಾಯಿಗಿಂತ ಹೊರಹೋಗುವ ಬಾಯಿ 2 ಇಂಚು ಕೆಳಗೆ, ಆದರೆ ತಳದಿಂದ ಒಂದು ಅಡಿಗಿಂತ ಮೇಲೆ. ಮುಚ್ಚಳವನ್ನು ಒಬ್ಬರೇ ಎತ್ತುವಂತಿರಲಿ. ಎತ್ತಲಾಗದ ಮುಚ್ಚಳದ ಗುಂಡಿಯನ್ನು ಯಾರೂ ತೊಳೆಯುವುದಿಲ್ಲ, ಆಗ ಹೂಳೆಲ್ಲ ಬಾವಿಗೆ.

ಇನ್ನೊಂದು ಮಾತು: 70 ಚದರ ಮೀಟರ್ ಗಟ್ಟಿ ನೆಲ ನಿಮಗೆ ನಿಜಕ್ಕೂ ಬೇಕೇ? ಕಾರು ನಿಲ್ಲದ ಕಡೆ 20 ಚದರ ಮೀಟರ್ ಟೈಲ್ಸ್ ಕಿತ್ತು ಮಣ್ಣು ಬಿಟ್ಟರೆ ನೀರಿನ ಲೆಕ್ಕವೇ ಇಳಿಯುತ್ತದೆ. ಸಂದಿ ಇರುವ ಪೇವರ್ ಹಾಕುವುದಾದರೆ ಅಡಿಯಲ್ಲಿ ಜಲ್ಲಿ, ಅದರ ಮೇಲೆ ಮರಳು ಮಾತ್ರ. ಕಾಂಕ್ರೀಟ್ ಹಾಸಿ ಅದರ ಮೇಲೆ ಪೇವರ್ ಕೂರಿಸಿದರೆ ನೋಡಲು ಚೆಂದ, ನೀರು ಮಾತ್ರ ಒಂದು ಹನಿಯೂ ಇಳಿಯುವುದಿಲ್ಲ.

ಈಗ ರಸ್ತೆ. ಗೇಟಿನ ಗೆರೆಯ ಒಳಗೆ, ನಿಮ್ಮದೇ ಜಾಗದಲ್ಲಿ, ರಸ್ತೆಗಿಂತ 3 ಇಂಚು ಎತ್ತರಕ್ಕೆ ಒಂದು ಉಬ್ಬು ಮಾಡಿ ಒಳಕ್ಕೆ ಇಳಿಜಾರು ಕೊಡಿ. ಅಂಗಳದಿಂದ ನೋಡಿದರೆ 11 ಇಂಚು ಆಯಿತು. ಕಾರಿನ ತಳ ತಾಗದಿರಲು ಕನಿಷ್ಠ 6 ಅಡಿ ಉದ್ದಕ್ಕೆ ಇಳಿಸಿ. ಉಬ್ಬನ್ನು ರಸ್ತೆ ಬದಿಯ ಚರಂಡಿಯ ಮೇಲೆ ಚಾಚಬೇಡಿ. ಚರಂಡಿಯನ್ನು ಕಾಂಕ್ರೀಟಿನಿಂದ ಮುಚ್ಚಿದ ಇಳಿಜಾರುಗಳಿಂದಲೇ ಬೀದಿಬೀದಿಗಳು ತುಂಬುವುದು, ಪಾಲಿಕೆಯವರು ಬಂದು ಒಡೆದರೆ ಕೇಳುವಂತಿಲ್ಲ. ಉಬ್ಬಿನ ಒಳಮಗ್ಗುಲಲ್ಲಿ ಗೇಟಿನ ಅಗಲಕ್ಕೂ 6 ಇಂಚು ಅಗಲ, 6 ಇಂಚು ಆಳದ ಕಾಲುವೆ, ಮೇಲೆ ಎತ್ತಿಡಬಹುದಾದ ಕಬ್ಬಿಣದ ಜಾಲರಿ. ಈ ಕಾಲುವೆಯ ನೀರನ್ನು ಬಾವಿಗೆ ಕೊಡಬೇಡಿ, ರಸ್ತೆ ಉಕ್ಕಿದ ದಿನ ಕೊಳಚೆ ಬೆರೆತಿರುತ್ತದೆ. ರಸ್ತೆ ಬದಿಯ ಮಳೆನೀರು ಚರಂಡಿಗೆ ಬಿಡಿ, ಪೈಪಿನ ತುದಿಗೆ ಹಿಂದಕ್ಕೆ ಬಿಡದ ಮುಚ್ಚಳವಾಲ್ವ್ ಇರಲಿ. ಚರಂಡಿಯ ತಳ ನಿಮ್ಮ ಕಾಲುವೆಗಿಂತ ಎತ್ತರವಿದ್ದರೆ ಸಣ್ಣ ಗುಂಡಿ ಮಾಡಿ ಫ್ಲೋಟ್ ಸ್ವಿಚ್ಚಿನ ಅರ್ಧ ಎಚ್‌ಪಿ ಪಂಪು ಇಡಬೇಕಾಗುತ್ತದೆ.

ಸಂಪಿನ ಬಾಯಿಯನ್ನು ಅಂಗಳದ ನೆಲದಿಂದ ಕನಿಷ್ಠ 1 ಅಡಿ ಎತ್ತರಿಸಿ. ರಸ್ತೆಯೇ 8 ಇಂಚು ಮೇಲಿದೆ, ನೆಲಮಟ್ಟದ ಮುಚ್ಚಳವಿದ್ದರೆ ಒಂದೇ ರಾತ್ರಿಯ ನೆರೆಗೆ ಕುಡಿಯುವ ನೀರೆಲ್ಲ ಕೊಳಚೆ.

ಬಚ್ಚಲಿಗೆ: ನಿಮ್ಮ ಪೈಪುಗಳನ್ನು ಬಿಡಿಸಿದ ಮೇಲೂ ಬೀದಿಯ ಬೇರೆ ಮನೆಗಳ ಮಳೆನೀರು ಯುಜಿಡಿಗೆ ಬರುತ್ತಲೇ ಇರುತ್ತದೆ. ಮನೆಯ ಕೊನೆಯ ಚೇಂಬರಿನಲ್ಲಿ, ಬೀದಿಗೆ ಹೋಗುವ ಬಾಯಿಗೆ ನಾನ್ ರಿಟರ್ನ್ ವಾಲ್ವ್ (ನೀರನ್ನು ಹೊರಗೆ ಬಿಟ್ಟು ಹಿಂದಕ್ಕೆ ಬಿಡದ ವಾಲ್ವ್) ಹಾಕಿಸಿ. ಒಂದು ಎಚ್ಚರಿಕೆ: ಅದು ಮುಚ್ಚಿಕೊಂಡಿರುವಾಗ ನಿಮ್ಮ ಮನೆಯ ನೀರೂ ಹೊರಹೋಗದು. ಮಹಡಿಯಲ್ಲಿ ವಾಷಿಂಗ್ ಮಷೀನ್ ಹಾಕಿದರೆ ಅದೇ ನೀರು ಕೆಳಗಿನ ಬಚ್ಚಲಲ್ಲಿ ಏಳುತ್ತದೆ. ಜೋರು ಮಳೆಯ ಒಂದೆರಡು ಗಂಟೆ ನೀರು ಸುರಿಯದಿದ್ದರಾಯಿತು. ವಾಲ್ವಿನ ನಾಲಿಗೆಗೆ ಕೂದಲು, ಬಟ್ಟೆಯ ಚೂರು ಸಿಕ್ಕಿದರೆ ಅದು ಮುಚ್ಚುವುದೇ ಇಲ್ಲ, ಮೂರು ತಿಂಗಳಿಗೊಮ್ಮೆ ತೆರೆದು ತೊಳೆಸಿ.

ಪಕ್ಕದ ಮನೆಯ ತಕರಾರಿನ ಬಗ್ಗೆ, ಕಾನೂನು ಬಲ್ಲವರು

1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಂ ಪ್ರಕಾರ ಮೇಲಿನ ಜಮೀನಿನಲ್ಲಿ ಬಿದ್ದ ಮಳೆ ಸಹಜವಾಗಿ ಕೆಳಗಿನ ಜಮೀನಿಗೆ ಹರಿದರೆ ಕೆಳಗಿನವರು ತಡೆಯುವಂತಿಲ್ಲ. ಈ ಒಂದು ಸಾಲನ್ನು ಹಿಡಿದುಕೊಂಡು ಅನೇಕರು ಜಗಳಕ್ಕೆ ಇಳಿಯುತ್ತಾರೆ. ಸಹಜವಾಗಿ ಅನ್ನುವ ಪದ ಅಲ್ಲಿ ಮುಖ್ಯ. ತಾರಸಿಯಲ್ಲಿ ಒಟ್ಟುಮಾಡಿ ಪೈಪಿನಲ್ಲಿ ತಂದು ಬಿಟ್ಟ ನೀರು, ಟೈಲ್ಸ್ ಹಾಕಿದ್ದರಿಂದ ಹೆಚ್ಚಾದ ನೀರು ಸಹಜ ಹರಿವಲ್ಲ. ಸೂರಿನ ನೀರನ್ನು ಪಕ್ಕದವರ ಜಾಗಕ್ಕೆ ಬೀಳಿಸುವ ಹಕ್ಕು ಬೇಕೆಂದರೆ 15ನೇ ಕಲಂನಂತೆ 20 ವರ್ಷ ಬಹಿರಂಗವಾಗಿ, ಹಕ್ಕಿನಿಂದ, ಅಡೆತಡೆಯಿಲ್ಲದೆ ನಡೆದು ಬಂದಿದ್ದನ್ನು ಸಾಬೀತು ಮಾಡಬೇಕು. ಮನೆ 1998ರದ್ದು ಎಂದು ಆ ವಾದಕ್ಕೆ ಹೋಗಬೇಡಿ. ಪೂರ್ವದ ಗೋಡೆಯ ಬುಡದುದ್ದಕ್ಕೂ 4 ಇಂಚಿನ ಕಾಲುವೆ ತೆಗೆದು ನೀರನ್ನು ಹೂಳುಗುಂಡಿಗೆ ತಿರುಗಿಸುವ ಖರ್ಚು ಒಂದು ವಕೀಲರ ನೋಟಿಸಿಗಿಂತ ಬಹಳ ಹೆಚ್ಚೇನೂ ಆಗದು. ಆ ಕಾಲುವೆಯ ಒಳಮೈಗೆ ಜಲನಿರೋಧಕ ಗಾರೆ ಮಾಡಿಸಿ, ಇಲ್ಲದಿದ್ದರೆ ಕಾಲುವೆಯೇ ಅವರ ಗೋಡೆಗೆ ನೀರುಣಿಸುತ್ತದೆ. ಕೆಲಸಕ್ಕೆ ಮುಂಚೆ ಅವರ ಗೋಡೆಯ ಒದ್ದೆ ಗುರುತಿನ ಫೋಟೊ ಇಬ್ಬರೂ ಸೇರಿ ತೆಗೆದುಕೊಳ್ಳಿ, ಒಂದು ಮಳೆಗಾಲ ಕಳೆದ ಮೇಲೆ ಹೋಲಿಸಿ. ಒದ್ದೆ ಹಾಗೇ ಇದ್ದರೆ ಅದು ಬೇರೆ ಕಡೆಯಿಂದ, ಬಹುಶಃ ಅವರದೇ ಪೈಪಿನಿಂದ.

ಕೇಳಿದವರು

ಎಲ್ಲ ಒಟ್ಟಿಗೆ ಮಾಡಿಸುವಷ್ಟು ಹಣ ಈ ವರ್ಷ ಇಲ್ಲ. ಮೊದಲು ಯಾವುದು? ದಂಡ ಯಾವಾಗ ನಿಲ್ಲುತ್ತದೆ?

ಸಿವಿಲ್ ಎಂಜಿನಿಯರ್

ಮೊದಲ ಸುತ್ತಿನಲ್ಲಿ ಯುಜಿಡಿಯಿಂದ ಪೈಪು ಬಿಡಿಸುವುದು, ನಾನ್ ರಿಟರ್ನ್ ವಾಲ್ವ್, ಸಂಪಿನ ಬಾಯಿ ಎತ್ತರಿಸುವುದು. ಇವು ವಾರದ ಕೆಲಸ, ಕಡಿಮೆ ಖರ್ಚಿನವು, ಮನೆಯ ಆರೋಗ್ಯಕ್ಕೆ ಸಂಬಂಧಿಸಿದವು. ಎರಡನೆಯ ಸುತ್ತು ತಾರಸಿಯ ನೀರು ಡ್ರಮ್, ಫಿಲ್ಟರ್ ದಾಟಿ ಸಂಪಿಗೆ, ಪೂರ್ವದ ಕಾಲುವೆ, ಗೇಟಿನ ಉಬ್ಬು. ಬಾವಿ ಮೂರನೆಯದು, ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಸಂಪು ಉಕ್ಕಿದ ನೀರು ಮತ್ತು ಕಾಲುವೆಯ ನೀರನ್ನು ರಸ್ತೆ ಬದಿಯ ಮಳೆನೀರು ಚರಂಡಿಗೆ ಬಿಡಿ.

ಎರಡನೆಯ ಸುತ್ತು ಮುಗಿದಾಗ 3,000 ಲೀಟರ್ ಹಿಡಿಯುವ ಜಾಗ ಆಗಿರುತ್ತದೆ. 2009ರ ನಿಯಮಾವಳಿಯ 20 ಮತ್ತು 10ರ ಲೆಕ್ಕದಲ್ಲಿ ನಿಮ್ಮ ಮನೆಗೆ 2,900 ಬರುತ್ತದೆ, ಆದರೂ ಅದನ್ನು ನಂಬಿ ಬಾವಿ ಕೈಬಿಡಬೇಡಿ. ಕೆಲಸದ ಫೋಟೊಗಳು, ಸಂಪು ಮತ್ತು ಬಾವಿಯ ಅಳತೆ ಬರೆದ ಕೈನಕ್ಷೆ, ಬಿಲ್ಲಿನ ಆರ್‌ಆರ್ ಸಂಖ್ಯೆ ಸೇರಿಸಿ ಜಲಮಂಡಳಿಯ ನಿಮ್ಮ ಉಪವಿಭಾಗದ ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಸ್ಥಳ ಪರಿಶೀಲನೆಗೆ ಕೇಳಿ. ಪೈಪು, ಫಿಲ್ಟರ್ ಕಣ್ಣಿಗೆ ಕಾಣುವಂತಿರಲಿ, ಎಲ್ಲವನ್ನೂ ಟೈಲ್ಸಿನ ಅಡಿಗೆ ಹೂತರೆ ಪರಿಶೀಲಿಸುವವರಿಗೆ ತೋರಿಸುವುದೇನು? ಮುಂದಿನ ಬಿಲ್ಲಿನಲ್ಲೂ ದಂಡ ಬಂದರೆ ಆ ಸ್ವೀಕೃತಿ ಹಿಡಿದು 1916ಕ್ಕೆ ದೂರು ಕೊಡಿ.

ಎಷ್ಟೇ ಚೆನ್ನಾಗಿ ಕಟ್ಟಿಸಿದರೂ ಉಕ್ಕುವ ದಿನ ಇದ್ದೇ ಇದೆ. 2022ರ ಸೆಪ್ಟೆಂಬರ್ 5ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ಬೆಂಗಳೂರು ನಗರದಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು. ನಿಮ್ಮ ತಾರಸಿಯೊಂದಕ್ಕೇ 14,000 ಲೀಟರಿಗೂ ಹೆಚ್ಚು. ಆದ್ದರಿಂದ ಬಾವಿಗೂ ಒಂದು ಉಕ್ಕುವ ಪೈಪು ಬೇಕು, 160 ಮಿ.ಮೀ.ನದು, ಮಳೆನೀರು ಚರಂಡಿಗೆ. ಅದರ ಮಟ್ಟ ಸಂಪಿನ ಉಕ್ಕುವ ಬಾಯಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಬಾವಿಯ ಕೆಂಪು ನೀರು ಸಂಪಿಗೆ ಹಿಂದಿರುಗುತ್ತದೆ.

ಪ್ಲಂಬಿಂಗ್‌ನವರು

ಕೊನೆಗೆ ತೊಳೆಯೋ ಲೆಕ್ಕ. ಅಶ್ವಿನಿ, ಭರಣಿ ಮಳೆ ಬೀಳೋಕೆ ಮುಂಚೆ, ಏಪ್ರಿಲ್ ಮೊದಲ ವಾರದೊಳಗೆ, ತಾರಸಿ ಗುಡಿಸಿ ಒಂದು ಸಲ ತೊಳೆದು ಆ ನೀರನ್ನು ಡ್ರಮ್ಮಿನಿಂದಲೇ ಹೊರಗೆ ಬಿಡಿ. ಮಳೆಗಾಲದಲ್ಲಿ ಜಾಲರಿ ವಾರಕ್ಕೊಮ್ಮೆ, ಫಿಲ್ಟರ್ 15 ದಿನಕ್ಕೊಮ್ಮೆ, ಹೂಳುಗುಂಡಿ ತಿಂಗಳಿಗೊಮ್ಮೆ. ಉತ್ತರೆ, ಹಸ್ತ, ಚಿತ್ತೆ ಮಳೆಗಳೇ ಬೆಂಗಳೂರಿಗೆ ಜೋರು, ಸೆಪ್ಟೆಂಬರಿನ ಮೊದಲ ವಾರ ಇನ್ನೊಮ್ಮೆ ಎಲ್ಲ ಬಿಚ್ಚಿ ನೋಡಿ. ವರ್ಷಕ್ಕೆ ಸುಮಾರು 970 ಮಿ.ಮೀ. ಬೀಳುವ ಊರಿದು, ನಿಮ್ಮ ತಾರಸಿಯಿಂದ 90,000 ಲೀಟರಿನ ಆಸುಪಾಸು ಇಳಿಯುತ್ತೆ. ಗೇಟಿನ ಮುಂದಿನ ಮೂರನೇ ಪೈಪನ್ನೂ ಈ ಸಲವೇ ಸಂಪಿನ ಲೈನಿಗೆ ಕೂಡಿಸಿಬಿಡಿ. ಅದೊಂದೇ 40 ಚದರ ಮೀಟರಿನ ನೀರು ಈಗ ನೆಲದ ಮೇಲೆ ಹರಿದು ಹೋಗುತ್ತಿದೆ.